ಶಿಶುವಿನ ಶ್ರವಣವಿಚಾರ

(ಶ್ರೀಮಠದ ಮಹೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸ)



ಇನ್ನೂ ಮಾತು ಬಾರದ ಕೂಸು ಏನನ್ನು ಕೇಳುತ್ತದೆ? ಕೇಳಿದ ಧ್ವನಿಗಳಿಂದ ಏನನ್ನು ಕಲಿಯುತ್ತದೆ? ಅದನ್ನು ವಿದ್ವಾಂಸರು ಯಾವ ಉಪಾಯದಿಂದ ತಿಳಿಯುತ್ತಾರೆ? ಇದೇ ಈ ದಿನದ ವಿಷಯವು. ದೊಡ್ಡವರನ್ನು ಪರೀಕ್ಷಿಸುವುದು ಸುಲಭ. ಕೇಳಿಸಿತೆ ಎಂದರೆ ಕೇಳಿಸಿತೆನ್ನುವರು. ಇವೆರಡೂ ಒಂದೇ ಅಕ್ಷರವೊ ಬೇರೆಯೊ ಎಂದರೆ ವಿಚಾರಿಸಿ ಉತ್ತರ ಕೊಡುವರು. ತೊಟ್ಟಿಲ ಕೂಸಾದರೊ ಅಳುವುದು, ನಗುವುದು, ಹಾಲು ಕುಡಿಯುವುದು, ಮಲಗುವುದು, ಇಷ್ಟನ್ನೇ ಬಲ್ಲುದು. ಬಾಯಿಲ್ಲದ ಸಾಕ್ಷಿಯಿಂದ ಸತ್ಯವನ್ನು ಪಡೆಯುವುದು ಹೇಗೆ?

ಮಠದ ಸಭೆಯಲ್ಲಿ ಈ ವಿಷಯವೇತಕ್ಕೆ ಎಂದು ಶಂಕೆಯುಂಟಾಗಬಹುದು. ಸಮಾಧಾನವೇನೆಂದರೆ: ಉಪದೇಶಕ್ಕೆ ಕಿವಿಯೇ ದ್ವಾರವು. ಗುರುವು ಮಂತ್ರವನ್ನು ಹೇಳುವುದು ಶಿಷ್ಯನ ಕಿವಿಯಲ್ಲಿ. ಸೋದರತ್ತೆಯು ತೊಟ್ಟಿಲಲ್ಲಿಟ್ಟ ಕೂಸಿನ ಹೆಸರನ್ನು ಮೊದಲು ಹೇಳುವುದೂ ಕಿವಿಯಲ್ಲಿಯೆ. ಆ ದ್ವಾರವು ತೆರೆದಿದೆಯೆ ಮುಚ್ಚಿದೆಯೆ ಎಂಬುದನ್ನು ಅರಿಯದೆ ನಮ್ಮ ಸೀಮೆಯ ಎಷ್ಟೋ ಮನೆಗಳಲ್ಲಿ ಎರಡು ಮೂರು ವರ್ಷಗಳು ಕಳೆದುಹೋಗುತ್ತವೆ. ಹಾಗೆ ಕಳೆದ ಕಾಲವು ಮರಳಿ ಬಾರದೆಂಬುದನ್ನು ವಿದ್ವಾಂಸರು ಕೂಸುಗಳಿಂದಲೇ ಕೇಳಿ ತಿಳಿದಿದ್ದಾರೆ. ಅದನ್ನು ನಿಮಗೆ ಮನದಟ್ಟು ಮಾಡಿಕೊಡುವುದೇ ಈ ಭಾಷಣದ ಪ್ರಯೋಜನವು.

ಶಬ್ದವಿಚಾರವು ನಮ್ಮ ನಾಡಿಗೆ ಹೊಸದಲ್ಲ. ಹದಿಮೂರನೆಯ ಶತಮಾನದ ಕೇಶಿರಾಜನು ತನ್ನ ಶಬ್ದಮಣಿದರ್ಪಣದಲ್ಲಿ, ನಾಭಿಮೂಲದಿಂದ ಎದ್ದ ವಾಯುವು ಕಹಳೆಯ ನಾದದಂತೆ ಹೊರಹೊಮ್ಮಿ ಶಬ್ದವಾಗುವ ಬಗೆಯನ್ನು ನಿರೂಪಿಸಿರುವನು. ಕಂಠ್ಯ, ತಾಲವ್ಯ, ಮೂರ್ಧನ್ಯ, ದಂತ್ಯ, ಓಷ್ಠ್ಯ ಎಂಬ ಸ್ಥಾನಭೇದವನ್ನೂ, ಅಲ್ಪಪ್ರಾಣ ಮಹಾಪ್ರಾಣ, ಘೋಷ ಅಘೋಷ ಎಂಬ ಪ್ರಯತ್ನಭೇದವನ್ನೂ ಪಾಠಶಾಲೆಯ ಪ್ರತಿಯೊಬ್ಬ ವಿದ್ಯಾರ್ಥಿಯೂ ಬಲ್ಲನು. ಆದರೆ ವ್ಯಾಕರಣವು ನಿಂತಿರುವುದು ನುಡಿಯುವವನ ಬಾಯಿಯ ಬಳಿಯಲ್ಲಿ. ಕೇಳುವ ಕೂಸಿನ ಕಿವಿಯ ಬಳಿಯಲ್ಲಿ ನಿಂತು, ಈ ಭೇದಗಳು ಅದಕ್ಕೆ ಎಂದಿನಿಂದ ತಿಳಿಯುತ್ತವೆ ಎಂದು ಪ್ರಯೋಗದಿಂದ ವಿಚಾರಿಸತೊಡಗಿದ್ದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ.

ಆ ಪ್ರಯೋಗಗಳ ಮೂಲೋಪಾಯವು ಬಹಳ ಸರಳವಾದುದು. ಕೂಸಿಗೆ ಏನನ್ನು ಮಾಡಲು ಬರುತ್ತದೆಯೊ ಅದನ್ನೇ ಅದರ ಭಾಷೆಯನ್ನಾಗಿ ಮಾಡಿಕೊಳ್ಳುವುದು. ಹುಟ್ಟಿದ ಕೂಸಿಗೆ ಚೀಪಲು ಬರುತ್ತದೆ. ಆರು ತಿಂಗಳ ಕೂಸಿಗೆ ಕತ್ತು ಹೊರಳಿಸಲು ಬರುತ್ತದೆ. ಹೊಸದನ್ನು ಕಂಡರೆ ಕಣ್ಣರಳಿಸಿ ನೋಡಲೂ ಹಳತಾದರೆ ಬೇಸರಗೊಳ್ಳಲೂ ಎಲ್ಲ ಕೂಸುಗಳಿಗೂ ಬರುತ್ತದೆ. ಚೀಪುವಿಕೆ, ಹೊರಳುವಿಕೆ, ಬೇಸರ, ಈ ಮೂರೇ ವಿದ್ವಾಂಸರಿಗೆ ಒದಗಿದ ಸಾಕ್ಷಿಗಳು.

೧೯೭೧ರಲ್ಲಿ ಅಮೆರಿಕಾದೇಶದ ಪೀಟರ್ ಐಮಾಸ್ ಎಂಬ ವಿದ್ವಾಂಸನೂ ಅವನ ಸಂಗಡಿಗರೂ ಒಂದು ತಿಂಗಳ ಮತ್ತು ನಾಲ್ಕು ತಿಂಗಳ ಕೂಸುಗಳನ್ನು ಪರೀಕ್ಷಿಸಿದರು. ಕೂಸಿನ ಬಾಯಿಗೆ ರಬ್ಬರಿನ ತೊಟ್ಟನ್ನು ಕೊಟ್ಟು, ಅದನ್ನು ಒಂದು ಯಂತ್ರಕ್ಕೆ ಜೋಡಿಸಿದರು. ಕೂಸು ಬಲವಾಗಿ ಚೀಪಿದಾಗಲೆಲ್ಲ ಯಂತ್ರವು ಬ ಎಂಬ ಅಕ್ಷರವನ್ನು ನುಡಿಯುತ್ತದೆ. ತನ್ನ ಚೀಪುವಿಕೆಯಿಂದ ಧ್ವನಿ ಬರುವುದೆಂದು ಅರಿತ ಕೂಸು ಮೊದಲು ಹುರುಪಿನಿಂದ ಚೀಪುತ್ತದೆ; ಅದೇ ಧ್ವನಿಯನ್ನು ಕೇಳಿ ಕೇಳಿ ಬೇಸರಗೊಂಡು ನಿಧಾನಿಸುತ್ತದೆ. ಆಗ ಯಂತ್ರವು ಬ ಎಂಬುದನ್ನು ಬಿಟ್ಟು ಪ ಎಂದು ನುಡಿಯುವುದು. ಕೂಸು ಮತ್ತೆ ಹುರುಪಿನಿಂದ ಚೀಪಿದರೆ, ಇದು ಹೊಸತು ಎಂದು ಅದೇ ನಮಗೆ ಹೇಳಿದಂತಾಯಿತು. ಇನ್ನೊಂದು ಗುಂಪಿನ ಕೂಸುಗಳಿಗೆ ಧ್ವನಿಯನ್ನು ಬದಲಿಸದೆ ಬಿಟ್ಟು, ಅವು ತಾವಾಗಿಯೆ ಹುರುಪುಗೊಳ್ಳುವುದಿಲ್ಲವೆಂಬುದನ್ನೂ ನೋಡಿಕೊಂಡರು.

ಇದರಲ್ಲಿ ಒಂದು ಸೂಕ್ಷ್ಮವುಂಟು. ಬಕಾರಕ್ಕೂ ಪಕಾರಕ್ಕೂ ತುಟಿಗಳ ಕೆಲಸವು ಒಂದೇ. ತುಟಿ ಬಿಚ್ಚಿದ ಮೇಲೆ ಕಂಠನಾದವು ಎಷ್ಟು ಬೇಗ ಹೊರಡುವುದೆಂಬ ಕಾಲಭೇದವೇ ಇಲ್ಲಿ ಮುಖ್ಯವಾದುದು. ಒಂದು ಸೆಕೆಂಡನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಇಪ್ಪತ್ತು ಪಾಲಿನಷ್ಟು ಅಂತರವನ್ನು ಬ ಮತ್ತು ಪ ಎಂಬ ಎರಡು ಅಕ್ಷರಗಳ ಗಡಿಯಲ್ಲಿ ಇಟ್ಟಾಗ ಕೂಸುಗಳು ಗುರುತಿಸಿದವು. ಅಷ್ಟೇ ಅಂತರವನ್ನು ಒಂದೇ ಅಕ್ಷರದ ಒಳಗೆ ಇಟ್ಟಾಗ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಎಂದರೆ, ಧ್ವನಿಗಳನ್ನು ಅಕ್ಷರಗಳಾಗಿ ವಿಂಗಡಿಸಿ ಕೇಳುವ ಶಕ್ತಿಯು ಒಂದು ತಿಂಗಳ ಹಸುಗೂಸಿನಲ್ಲಿಯೂ ಇದೆಯೆಂದಾಯಿತು. ಪಟ್ಟೆಗೂ ಬಟ್ಟೆಗೂ ಇರುವ ಭೇದವನ್ನು ನಾವು ಕಲಿಸುವ ಮೊದಲೇ ಅದು ಕೇಳಬಲ್ಲುದು.

ಹಾಗಾದರೆ ಹುಟ್ಟುವುದಕ್ಕಿಂತ ಮೊದಲು? ಅಭಿಮನ್ಯುವು ಗರ್ಭದಲ್ಲಿದ್ದಾಗಲೇ ಚಕ್ರವ್ಯೂಹದ ರಹಸ್ಯವನ್ನು ಕೇಳಿದ ಕಥೆಯನ್ನು ನಾವೆಲ್ಲರೂ ಬಲ್ಲೆವು. ಈಗಿನ ಪರೀಕ್ಷಕರು ಅಷ್ಟು ದೂರ ಹೋಗುವುದಿಲ್ಲ. ಆದರೆ ಪೂರ್ತಿಯಾಗಿ ತಳ್ಳಿಹಾಕುವುದೂ ಇಲ್ಲ. ಬಸಿರಿನ ಕೊನೆಯ ಮೂರು ತಿಂಗಳುಗಳಲ್ಲಿ ಹೊರಗಿನ ಧ್ವನಿಗೆ ಭ್ರೂಣದ ಎದೆಬಡಿತವು ಬದಲಾಗುವುದನ್ನು ಅವರು ಅಳೆದು ನೋಡಿದ್ದಾರೆ. ೧೯೮೦ರಲ್ಲಿ ಆಂಥೊನಿ ಡಿಕ್ಯಾಸ್ಪರ್ ಮತ್ತು ವಿಲಿಯಂ ಫೈಫರ್ ಎಂಬವರು ಹುಟ್ಟಿ ಮೂರು ದಿನವೂ ತುಂಬದ ಕೂಸುಗಳಿಗೆ ತೊಟ್ಟನ್ನು ಕೊಟ್ಟು, ಒಂದು ಬಗೆಯಾಗಿ ಚೀಪಿದರೆ ಹೆತ್ತ ತಾಯಿಯ ಧ್ವನಿಯೂ ಇನ್ನೊಂದು ಬಗೆಯಾಗಿ ಚೀಪಿದರೆ ಬೇರೆ ಹೆಂಗಸಿನ ಧ್ವನಿಯೂ ಕೇಳುವಂತೆ ಏರ್ಪಡಿಸಿದರು. ಕೂಸುಗಳು ತಾಯಿಯ ಧ್ವನಿಯನ್ನೇ ಹೆಚ್ಚಾಗಿ ಬರಿಸಿಕೊಂಡವು. ೧೯೮೬ರಲ್ಲಿ ಅದೇ ಡಿಕ್ಯಾಸ್ಪರನು ಮೆಲನಿ ಸ್ಪೆನ್ಸ್ ಎಂಬಾಕೆಯೊಡನೆ ಸೇರಿ, ಬಸುರಿಯರಿಂದ ಕೊನೆಯ ಆರು ವಾರಗಳಲ್ಲಿ ದಿನಕ್ಕೆ ಎರಡು ಸಲ ಒಂದು ಮಕ್ಕಳ ಕಥೆಯ ಭಾಗವನ್ನು ಗಟ್ಟಿಯಾಗಿ ಓದಿಸಿದನು. ಹುಟ್ಟಿದ ಮೇಲೆ ಕೂಸುಗಳು ಕೇಳದ ಕಥೆಗಿಂತ ಆ ಕಥೆಯನ್ನೇ ಬಯಸಿದವು. ಬೇರೆ ಹೆಂಗಸು ಓದಿದರೂ ಹಾಗೆಯೇ ಬಯಸಿದವು.

೨೦೦೯ರಲ್ಲಿ ಜರ್ಮನಿಯ ವಿದ್ವಾಂಸರು ೩೦ ಫ್ರೆಂಚ್ ಮತ್ತು ೩೦ ಜರ್ಮನ್ ಕೂಸುಗಳ ಅಳುವನ್ನು ಹುಟ್ಟಿದ ಮೊದಲ ವಾರದಲ್ಲಿಯೆ ಹಿಡಿದಿಟ್ಟು ಪರಿಶೀಲಿಸಲು, ಫ್ರೆಂಚ್ ಕೂಸುಗಳ ಅಳುವು ಹೆಚ್ಚಾಗಿ ಏರುವ ರಾಗದಲ್ಲಿಯೂ ಜರ್ಮನ್ ಕೂಸುಗಳದು ಇಳಿಯುವ ರಾಗದಲ್ಲಿಯೂ ಇದ್ದುದು ಕಂಡುಬಂದಿತು. ಆಯಾ ಭಾಷೆಯ ಧಾಟಿಯೂ ಹಾಗೆಯೇ. ಇದರಿಂದ ತಿಳಿಯುವುದೇನು? ಗರ್ಭವನ್ನು ಮುಟ್ಟುವುದು ಮಾತಿನ ಅರ್ಥವಲ್ಲ. ಧ್ವನಿಯ ಗುಣವೂ ಏರಿಳಿತವೂ ಲಯವೂ ಮಾತ್ರ. ಚಕ್ರವ್ಯೂಹದ ವಿದ್ಯೆ ಒಳಗೆ ಹೋಗಲಾರದು. ತಾಯಿ ಬೀಸುವಾಗಲೂ ಕುಟ್ಟುವಾಗಲೂ ಹಾಡುತ್ತಿದ್ದ ಹಾಡಿನ ಧಾಟಿಯು ಮಾತ್ರ ಹೋಗಬಲ್ಲುದು.

ಇನ್ನು ನಮಗೆ ಅತ್ಯಂತ ಸಮೀಪವಾದ ಪ್ರಯೋಗಕ್ಕೆ ಬರುವೆನು. ಇದರಲ್ಲಿ ನಮ್ಮ ವರ್ಣಮಾಲೆಯೇ ಒರೆಗಲ್ಲಾಯಿತು. ಕೆನಡಾ ದೇಶದಲ್ಲಿ ಜಾನೆಟ್ ವರ್ಕರ್ ಎಂಬ ವಿದುಷಿಯೂ ರಿಚರ್ಡ್ ಟೀಸ್ ಎಂಬ ವಿದ್ವಾಂಸನೂ ೧೯೮೪ರಲ್ಲಿ ಹಿಂದೀ ಭಾಷೆಯ ದಂತ್ಯ ತಕಾರವನ್ನೂ ಮೂರ್ಧನ್ಯ ಟಕಾರವನ್ನೂ ತೆಗೆದುಕೊಂಡರು. ಕನ್ನಡಿಗರಿಗೆ ಈ ಭೇದವನ್ನು ವಿವರಿಸಬೇಕಾಗಿಲ್ಲ. ಹತ್ತಿಯನ್ನು ಹಟ್ಟಿಯೆಂದು ತಿಳಿಯುವ ರೈತನು ನಮ್ಮ ಸೀಮೆಯಲ್ಲಿ ಇಲ್ಲ. ಆದರೆ ಇಂಗ್ಲಿಷರಿಗೆ ಇವೆರಡೂ ಒಂದೇ ಅಕ್ಷರವಾಗಿ ಕೇಳಿಸುವುವು.

ಪ್ರಯೋಗದ ಬಗೆಯು ಹೀಗೆ. ಕೂಸು ತಾಯಿಯ ತೊಡೆಯ ಮೇಲೆ ಕುಳಿತಿರುವುದು. ಎದುರಿಗೆ ಒಬ್ಬರು ಗೊಂಬೆಗಳನ್ನು ತೋರಿಸಿ ಅದರ ಗಮನವನ್ನು ಹಿಡಿದಿಟ್ಟಿರುವರು. ಪಕ್ಕದ ಧ್ವನಿವರ್ಧಕದಿಂದ ತ, ತ, ತ ಎಂದು ಒಂದೇ ಸಮನೆ ಬರುತ್ತಿರುವುದು. ಅದು ಟ ಎಂದು ಬದಲಾದಾಗ ಕೂಸು ಆ ಕಡೆಗೆ ಕತ್ತು ಹೊರಳಿಸಿದರೆ, ಕಪ್ಪು ಗಾಜಿನ ಪೆಟ್ಟಿಗೆಯಲ್ಲಿ ದೀಪ ಹತ್ತಿ, ಆಡುವ ಗೊಂಬೆಯು ಕಾಣಿಸಿಕೊಳ್ಳುವುದು. ಅದೇ ಅದಕ್ಕೆ ಬಹುಮಾನ. ಬದಲಾಗದೆ ಹೊರಳಿದರೆ ಗೊಂಬೆಯಿಲ್ಲ. ತಾಯಿಯು ತಿಳಿದೋ ತಿಳಿಯದೆಯೋ ಕೂಸಿಗೆ ಸನ್ನೆ ಮಾಡಬಾರದೆಂದು ಅವಳ ಕಿವಿಗೆ ಬೇರೆ ಸಂಗೀತವನ್ನು ಹಾಕಿರುವರು. ಅತ್ತ ಕೂಸನ್ನೂ ನಿದ್ದೆಹೋದ ಕೂಸನ್ನೂ ಬಲವಂತಪಡಿಸದೆ ಮನೆಗೆ ಕಳುಹಿಸುವರು. ಹಸುಗೂಸುಗಳ ಮೇಲೆ ಪ್ರಯೋಗವೆಂದರೆ ಹಿಂಸೆಯಲ್ಲವೆ ಎಂದು ಕೇಳುವವರಿಗೆ ಇದೇ ಉತ್ತರವು: ತಂದೆತಾಯಿಗಳ ಒಪ್ಪಿಗೆಯಿಂದ, ತಾಯಿಯ ತೊಡೆಯ ಮೇಲೆ ನಡೆಯುವ ಆಟವಲ್ಲದೆ ಇದು ಬೇರೆಯಲ್ಲ.

ಫಲವೇನಾಯಿತೆಂದರೆ, ಇಂಗ್ಲಿಷ್ ಮಾತನಾಡುವ ಮನೆಗಳ ಆರರಿಂದ ಎಂಟು ತಿಂಗಳ ಕೂಸುಗಳಲ್ಲಿ ಬಹುಪಾಲು ತಕಾರ ಟಕಾರಗಳ ಭೇದವನ್ನು ಸ್ಪಷ್ಟವಾಗಿ ಗುರುತಿಸಿದವು. ಅವರ ತಂದೆತಾಯಿಗಳಿಗೆ ಕೇಳದ ಭೇದವು ಕೂಸುಗಳಿಗೆ ಕೇಳಿತು! ಆದರೆ ಹತ್ತರಿಂದ ಹನ್ನೆರಡು ತಿಂಗಳ ಕೂಸುಗಳಲ್ಲಿ ಅದನ್ನು ಗುರುತಿಸಿದವು ಬಹಳ ಕೆಲವು. ಹಿಂದೀ ಮನೆಯ ಹನ್ನೊಂದು ಹನ್ನೆರಡು ತಿಂಗಳ ಕೂಸುಗಳಾದರೊ ಆ ಭೇದವನ್ನು ಸ್ವಲ್ಪವೂ ಬಿಟ್ಟುಕೊಟ್ಟಿರಲಿಲ್ಲ. ಎಂದರೆ, ಮನುಷ್ಯನ ಕೂಸು ಯಾವ ನಾಡಿನ ನುಡಿಗಾದರೂ ಸಿದ್ಧವಾದ ಕಿವಿಯೊಡನೆ ಹುಟ್ಟುತ್ತದೆ. ಒಂದು ವರ್ಷ ತುಂಬುವುದರೊಳಗೆ ಆ ಕಿವಿಯು ತನ್ನ ಮನೆಯ ನುಡಿಗೆ ನೆಲೆಗೊಳ್ಳುತ್ತದೆ. ಎರೆಹೊಲದಲ್ಲಿ ಮೊದಲು ಎತ್ತಲಾದರೂ ನಡೆಯಬಹುದು. ಜನರು ನಡೆದ ಕಡೆ ಕಾಲುದಾರಿ ಬೀಳುವುದು, ನಡೆಯದ ಕಡೆ ಪೈರು ಬೆಳೆದು ಮುಚ್ಚುವುದು. ಕಿವಿಯ ಹಿಂದಿರುವ ಮಿದುಳಿನ ಸ್ಥಿತಿಯೂ ಹಾಗೆಯೇ.

ಪಾಠಶಾಲೆಯ ಉಪಾಧ್ಯಾಯರಿಗೆ ಇದರಲ್ಲಿ ಒಂದು ಪಾಠವುಂಟು. ಹಳ್ಳಿಯ ಹುಡುಗನು ಮಹಾಪ್ರಾಣವನ್ನು ಅಲ್ಪಪ್ರಾಣವಾಗಿ ಉಚ್ಚರಿಸಿದರೆ ನಾವು ಅವನನ್ನು ಗದರಿಸುವುದುಂಟು. ಅವನ ಮನೆಯ ಆಡುಮಾತಿನಲ್ಲಿ ಆ ಭೇದವು ಬಹುಮಟ್ಟಿಗೆ ಇಲ್ಲ. ಆದ್ದರಿಂದ ಅವನ ನಾಲಗೆಯನ್ನು ತಿದ್ದುವ ಮೊದಲು ಅವನ ಕಿವಿಯನ್ನು ತಿದ್ದಬೇಕು. ದೊಡ್ಡವರೂ ಅಭ್ಯಾಸದಿಂದ ಅನ್ಯಭಾಷೆಯ ಧ್ವನಿಭೇದಗಳನ್ನು ಮತ್ತೆ ಕೇಳಲು ಕಲಿಯಬಲ್ಲರೆಂದು ಪರೀಕ್ಷಕರು ಹೇಳಿದ್ದಾರೆ. ಆದಕಾರಣ ಬೆತ್ತಕ್ಕಿಂತ ಪುನಃಪುನಃ ಕೇಳಿಸುವುದೇ ಲೇಸು.

ನಮ್ಮ ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸೀಮೆಯಲ್ಲಿ ಕನ್ನಡದ ಜತೆಗೆ ತೆಲುಗು, ಉರ್ದು, ಲಂಬಾಣಿ ನುಡಿಗಳೂ ಕಿವಿಗೆ ಬೀಳುವುವು. ಎರಡು ನುಡಿಗಳಿರುವ ಮನೆಯಲ್ಲಿ ಕೂಸಿಗೆ ಗಲಿಬಿಲಿಯಾಗದೆ ಎಂದು ಕೆಲವರು ಅಂಜುವರು. ೨೦೧೦ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, ಬಸಿರಿನಲ್ಲಿ ಎರಡು ಭಾಷೆಗಳನ್ನು ಆಡುತ್ತಿದ್ದ ತಾಯಂದಿರ ನವಜಾತ ಶಿಶುಗಳು ಎರಡಕ್ಕೂ ಕಿವಿಗೊಟ್ಟವು. ಎರಡೂ ಬೇರೆಬೇರೆಯೆಂದೂ ಗುರುತಿಸಿದವು. ಆದ್ದರಿಂದ ತಾಯಿಯು ತನ್ನ ನುಡಿಯನ್ನು ಕೂಸಿನೊಡನೆ ಆಡಲು ಸಂಕೋಚಪಡಬೇಕಾದುದಿಲ್ಲ.

ಅಕ್ಷರಗಳ ಮೇಲೆ ಪದಗಳು. ಬರೆವಣಿಗೆಯಲ್ಲಿ ಪದಪದಕ್ಕೂ ನಡುವೆ ತೆರಪುಂಟು, ಮಾತಿನಲ್ಲಿ ಇಲ್ಲ. ಅವ್ವಬಂದಳುನೋಡು ಎಂಬುದು ಒಂದೇ ಹೊನಲಾಗಿ ಹರಿಯುವುದು. ಸಂಧಿಯನ್ನರಿಯದ ಕೂಸು ಇದನ್ನು ಬಿಡಿಸುವುದು ಹೇಗೆ? ೧೯೯೬ರಲ್ಲಿ ಅಮೆರಿಕಾದ ಜೆನ್ನಿ ಸ್ಯಾಫ್ರನ್, ರಿಚರ್ಡ್ ಆಸ್ಲಿನ್, ಎಲಿಸ್ಸಾ ನ್ಯೂಪೋರ್ಟ್ ಎಂಬವರು ಮೂರು ಮೂರು ಅಕ್ಷರಗಳ ನಾಲ್ಕು ಅರ್ಥವಿಲ್ಲದ ಪದಗಳನ್ನು ಕಲ್ಪಿಸಿ, ತೆರಪಿಲ್ಲದೆ, ಏರಿಳಿತವಿಲ್ಲದೆ, ಯಂತ್ರದ ಧ್ವನಿಯಿಂದ ಎಂಟು ತಿಂಗಳ ಕೂಸುಗಳಿಗೆ ಎರಡೇ ನಿಮಿಷ ಕೇಳಿಸಿದರು. ಆಮೇಲೆ ಅದೇ ಪದಗಳನ್ನೂ, ಅದೇ ಅಕ್ಷರಗಳನ್ನು ಬೇರೆಯಾಗಿ ಕೂಡಿಸಿದವನ್ನೂ ಕೇಳಿಸಲು, ಕೂಸುಗಳು ಹೊಸ ಕೂಡಿಕೆಗಳಿಗೆ ಹೆಚ್ಚು ಹೊತ್ತು ಕಿವಿಗೊಟ್ಟವು. ಯಾವ ಅಕ್ಷರದ ಹಿಂದೆ ಯಾವುದು ತಪ್ಪದೆ ಬರುವುದು, ಯಾವುದು ಒಮ್ಮೊಮ್ಮೆ ಮಾತ್ರ ಬರುವುದು ಎಂಬ ಲೆಕ್ಕವನ್ನು ಕೂಸು ತನ್ನಷ್ಟಕ್ಕೆ ಇಡುತ್ತಿರುವುದೆಂದು ಇದರಿಂದ ಸಿದ್ಧವಾಯಿತು. ತನ್ನ ಹೆಸರಿನ ಧ್ವನಿಯನ್ನಾದರೊ ಅದು ನಾಲ್ಕೂವರೆ ತಿಂಗಳಿಗೆ ಗುರುತಿಸುವುದೆಂದು ೧೯೯೫ರ ಪರೀಕ್ಷೆಯೊಂದು ತೋರಿಸಿತು. ಸೋದರತ್ತೆ ಕಿವಿಯಲ್ಲಿ ಹೇಳಿದ ಹೆಸರು ವ್ಯರ್ಥವಾಗಲಿಲ್ಲ. ಅದನ್ನು ಸಾವಿರ ಸಲ ಕರೆದು ಫಲಕ್ಕೆ ತರುವವರು ಮಾತ್ರ ಮನೆಯ ಜನರು.

ಇಲ್ಲಿ ಇನ್ನೊಂದು ಶಂಕೆ. ಧ್ವನಿಯನ್ನು ಕೇಳಿಯೇ ಕಲಿಯುವುದಾದರೆ ಯಂತ್ರವೊಂದನ್ನು ತೊಟ್ಟಿಲಿಗೆ ಕಟ್ಟಿ ಬಿಟ್ಟರಾಗದೆ? ಈ ದಿನಗಳಲ್ಲಿ ಕೂಸಿನ ಕೈಗೆ ಮೊಬೈಲನ್ನು ಕೊಟ್ಟು ತಾಯಿಯು ತನ್ನ ಕೆಲಸಕ್ಕೆ ಹೋಗುವುದನ್ನು ಎಲ್ಲೆಡೆಯಲ್ಲಿಯೂ ಕಾಣುತ್ತೇವೆ. ೨೦೦೩ರಲ್ಲಿ ಪೆಟ್ರೀಷಿಯಾ ಕೂಲ್ ಎಂಬ ವಿದುಷಿಯು ಇದನ್ನೇ ಪರೀಕ್ಷಿಸಿದಳು. ಅಮೆರಿಕಾದ ಒಂಬತ್ತು ತಿಂಗಳ ಕೂಸುಗಳಿಗೆ ಚೀನೀ ಭಾಷೆಯನ್ನಾಡುವವರು ಎದುರಿಗೆ ಕುಳಿತು, ಹನ್ನೆರಡು ಸಲ, ಕಥೆಯೋದಿ ಆಟವಾಡಿಸಿದರು. ಕೂಸುಗಳು ಚೀನೀ ಭಾಷೆಯ ಧ್ವನಿಭೇದವನ್ನು ಚೀನೀ ಮನೆಯ ಕೂಸುಗಳಷ್ಟೇ ಚೆನ್ನಾಗಿ ಗುರುತಿಸಿದವು. ಅದೇ ಜನರು, ಅದೇ ಮಾತುಗಳು, ಅಷ್ಟೇ ಹೊತ್ತು, ಆದರೆ ದೂರದರ್ಶನದ ಪರದೆಯಲ್ಲಿ ತೋರಿಸಿದಾಗ ಇನ್ನೊಂದು ಗುಂಪಿನ ಕೂಸುಗಳು ಏನನ್ನೂ ಕಲಿಯಲಿಲ್ಲ. ಬರಿಯ ಧ್ವನಿಯನ್ನು ಕೇಳಿದವೂ ಕಲಿಯಲಿಲ್ಲ. ವಿದ್ಯೆಯು ಗುರುಮುಖದಿಂದಲೇ ಬರಬೇಕೆಂದು ನಮ್ಮ ಹಿರಿಯರು ಹೇಳುತ್ತಿದ್ದುದು ತೊಟ್ಟಿಲಿನ ವಿದ್ಯೆಗೂ ಸಲ್ಲುವುದು. ಅಲ್ಲಿಯ ಮೊದಲ ಗುರುವು ತಾಯಿ. ಅವಳ ಮುಖವೇ ಗುರುಮುಖವು.

ಇಷ್ಟನ್ನು ಕೇಳಿದ ಮೇಲೆ, ಕಿವಿ ಕೇಳದ ಕೂಸಿನ ನಷ್ಟವೆಷ್ಟೆಂಬುದು ತಾನಾಗಿಯೆ ತಿಳಿಯುವುದು. ಹುಟ್ಟುವ ಸಾವಿರ ಕೂಸುಗಳಲ್ಲಿ ಒಂದೆರಡಕ್ಕಾದರೂ ಹೆಚ್ಚಿನ ಶ್ರವಣದೋಷವಿರುವುದು. ಅಂಥ ಕೂಸೂ ಮೊದಲ ತಿಂಗಳುಗಳಲ್ಲಿ ಅಳುವುದು, ನಗುವುದು, ಕೂಗಾಡುವುದು. ಆದ್ದರಿಂದ ಹೆತ್ತವರು ಮೋಸಹೋಗುವರು. ೧೯೮೮ರಲ್ಲಿ ಪ್ರಕಟವಾದ ಆಲರ್ ಮತ್ತು ಐಲರ್ಸ್ ಎಂಬವರ ಪರಿಶೀಲನೆಯಲ್ಲಿ, ಕೇಳುವ ಕೂಸುಗಳೆಲ್ಲವೂ ಹತ್ತು ತಿಂಗಳೊಳಗೆ ಬಬಬ, ದದದ ಎಂದು ತೊದಲತೊಡಗಿದ್ದವು. ಕಿವುಡಾದ ಕೂಸುಗಳಲ್ಲಿ ಒಂದಾದರೂ ಹನ್ನೊಂದನೆಯ ತಿಂಗಳಿಗಿಂತ ಮೊದಲು ಹಾಗೆ ತೊದಲಲಿಲ್ಲ. ಬಾಯಿ ಸರಿಯಾಗಿದ್ದರೂ ಕಿವಿಯಿಲ್ಲದೆ ತೊದಲು ಸಕಾಲದಲ್ಲಿ ಹುಟ್ಟದು.

ಆದರೆ ಹತ್ತು ತಿಂಗಳವರೆಗೆ ಕಾಯಬೇಕಾಗಿಯೂ ಇಲ್ಲ. ೧೯೭೮ರಲ್ಲಿ ಲಂಡನ್ನಿನ ಡೇವಿಡ್ ಕೆಂಪ್ ಎಂಬವನು, ಒಳಗಿವಿಯು ಧ್ವನಿಯನ್ನು ಕೇಳುವುದು ಮಾತ್ರವಲ್ಲದೆ ಮರುದನಿಯಂತೆ ಅತಿ ಸಣ್ಣ ಧ್ವನಿಯನ್ನು ತಾನೂ ಹೊರಡಿಸುವುದೆಂದು ಕಂಡುಹಿಡಿದನು. ಈಗ ಮಲಗಿದ ಕೂಸಿನ ಕಿವಿಯಲ್ಲಿ ಮೃದುವಾದ ಬಿರಡೆಯನ್ನಿಟ್ಟು, ಸಣ್ಣ ಶಬ್ದವನ್ನು ಬಿಟ್ಟು, ಆ ಮರುದನಿಯನ್ನು ಯಂತ್ರದಿಂದ ಹಿಡಿಯುವರು. ಕೆಲವೇ ನಿಮಿಷಗಳ ಕೆಲಸ, ಸೂಜಿಯಿಲ್ಲ, ನೋವಿಲ್ಲ. ಒಳಗಿವಿಯ ಆಚೆಗೆ ನರದಲ್ಲಿ ದೋಷವಿದ್ದರೆ ಇದರಿಂದ ತಿಳಿಯದು. ಅದಕ್ಕಾಗಿ ಹಣೆಗೂ ಕಿವಿಯ ಹಿಂಭಾಗಕ್ಕೂ ಸಣ್ಣ ತಂತಿಗಳನ್ನು ಅಂಟಿಸಿ, ಶಬ್ದಕ್ಕೆ ಮಿದುಳಿನ ಬುಡದಲ್ಲಿ ಏಳುವ ವಿದ್ಯುತ್ತಿನ ಅಲೆಗಳನ್ನು ಅಳೆಯುವ ಬೇರೊಂದು ಪರೀಕ್ಷೆಯುಂಟು.

ಈ ವಿದ್ಯೆಗೆ ನಮ್ಮ ನಾಡಿನಲ್ಲಿ ಕೇಂದ್ರವಾಗಿರುವುದು ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ೧೯೬೫-೬೬ರಲ್ಲಿ ಸ್ಥಾಪಿತವಾದ ಈ ಸಂಸ್ಥೆಯಲ್ಲಿ ನವಜಾತ ಶಿಶುಗಳ ಶ್ರವಣಪರೀಕ್ಷೆ, ಚಿಕಿತ್ಸೆ, ಸಂಶೋಧನೆ, ಅಧ್ಯಾಪನ ಎಲ್ಲವೂ ನಡೆಯುವುವು. ಕಿವಿ ಕೇಳದ ಮಕ್ಕಳ ಜತೆಯಲ್ಲಿ ತಾಯಂದಿರಿಗೂ ಶಿಕ್ಷಣ ಕೊಡುವರು. ೨೦೧೩ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಮಕ್ಕಳ ಶ್ರವಣದೋಷವೂ ಪರೀಕ್ಷಿಸತಕ್ಕ ವಿಷಯಗಳಲ್ಲಿ ಸೇರಿದೆ.

ಬೇಗ ತಿಳಿದರೆ ಆಗುವ ಲಾಭವೇನು? ೧೯೯೮ರಲ್ಲಿ ಕ್ರಿಸ್ಟೀನ್ ಯೋಷಿನಾಗ ಇಟಾನೊ ಎಂಬಾಕೆಯೂ ಸಂಗಡಿಗರೂ ಅಮೆರಿಕಾದ ಕೊಲರಾಡೊ ಸೀಮೆಯಲ್ಲಿ, ಆರು ತಿಂಗಳೊಳಗೆ ದೋಷವು ತಿಳಿದ ೭೨ ಮಕ್ಕಳನ್ನೂ ಆಮೇಲೆ ತಿಳಿದ ೭೮ ಮಕ್ಕಳನ್ನೂ ಹೋಲಿಸಿದರು. ಬುದ್ಧಿಶಕ್ತಿ ಸರಿಯಾಗಿದ್ದ ಮಕ್ಕಳಲ್ಲಿ, ಬೇಗ ತಿಳಿದವರ ಭಾಷಾಜ್ಞಾನವು ತಡವಾಗಿ ತಿಳಿದವರದಕ್ಕಿಂತ ಬಹಳ ಮೇಲಾಗಿದ್ದಿತು. ಆದ್ದರಿಂದಲೇ ಒಂದು ತಿಂಗಳೊಳಗೆ ಪರೀಕ್ಷೆ, ಮೂರು ತಿಂಗಳೊಳಗೆ ನಿರ್ಣಯ, ಆರು ತಿಂಗಳೊಳಗೆ ಉಪಾಯ ಎಂಬ ನಿಯಮವನ್ನು ವೈದ್ಯರು ಮಾಡಿಕೊಂಡಿರುವರು. ಉಪಾಯವೆಂದರೆ ಶ್ರವಣಯಂತ್ರವಾಗಬಹುದು, ಅದರಿಂದ ಸಾಲದವರಿಗೆ ಒಳಗಿವಿಯಲ್ಲಿ ಇಡುವ ಯಂತ್ರವಾಗಬಹುದು, ಕೈಸನ್ನೆಯ ಭಾಷೆಯೂ ಆಗಬಹುದು. ಸನ್ನೆಯ ಭಾಷೆಯನ್ನು ಕೀಳೆಂದು ತಿಳಿಯಬಾರದು. ಕಿವುಡರಾದ ತಂದೆತಾಯಿಗಳ ಸನ್ನೆಯನ್ನು ನೋಡುತ್ತ ಬೆಳೆದ ಕಿವುಡು ಕೂಸುಗಳು ಕೈಬೆರಳುಗಳಿಂದಲೇ ತೊದಲುವುದನ್ನು ಕೆನಡಾದ ವಿದುಷಿಯರು ೧೯೯೧ರಲ್ಲಿ ಪ್ರಕಟಿಸಿದರು. ಕೂಸಿನ ಹಸಿವು ನುಡಿಯ ಹಸಿವು. ಕಿವಿಯಿಂದ ದೊರೆಯದಿದ್ದರೆ ಕಣ್ಣಿನಿಂದಲಾದರೂ ಅದು ದೊರೆಯಬೇಕು. ಎರಡೂ ಇಲ್ಲದೆ ಬರಿದಾಗಿ ಇರಿಸುವುದೇ ಮಹಾದೋಷವು.

ಈಗ ನಮ್ಮ ಮನೆಗಳ ಮಾತು. ಕೂಸಿಗೆ ವರ್ಷ ತುಂಬಿದರೂ ನುಡಿಯಿಲ್ಲವೆಂದರೆ, ಅವರ ಅಜ್ಜನಿಗೂ ಮಾತು ತಡವಾಗಿಯೇ ಬಂದಿತು ಎಂದು ಹಿರಿಯರು ಸಮಾಧಾನ ಹೇಳುವರು. ಹಿಂದೆ ತಟ್ಟೆ ಬಡಿದು, ತಿರುಗಿ ನೋಡಿತು, ಕಿವಿ ಸರಿಯಾಗಿದೆ ಎನ್ನುವರು. ಬಡಿದ ತಟ್ಟೆಯ ಅದಿರು ಮೈಗೆ ತಾಕಿದರೂ, ನೆರಳು ಕಣ್ಣಿಗೆ ಬಿದ್ದರೂ ಕೂಸು ತಿರುಗುವುದು. ದೊಡ್ಡ ಶಬ್ದವನ್ನು ಕೇಳುವ ಕೂಸಿಗೂ ಸ, ಶ ಮುಂತಾದ ಮೆಲುಧ್ವನಿಗಳು ಕೇಳದೆ ಇರಬಹುದು. ಆದ್ದರಿಂದ ತಟ್ಟೆಯ ಪರೀಕ್ಷೆಯನ್ನು ನಂಬತಕ್ಕದ್ದಲ್ಲ. ಹಠಾತ್ತಾದ ಸದ್ದಿಗೆ ಬೆಚ್ಚದ ಹಸುಗೂಸನ್ನೂ, ಆರು ತಿಂಗಳಾದರೂ ತಾಯಿಯ ಧ್ವನಿ ಬಂದ ಕಡೆಗೆ ತಿರುಗದ ಕೂಸನ್ನೂ, ಹತ್ತು ತಿಂಗಳಾದರೂ ತೊದಲದ ಕೂಸನ್ನೂ, ವರ್ಷವಾದರೂ ಹೆಸರಿಗೆ ಓಗೊಡದ ಕೂಸನ್ನೂ ತಡಮಾಡದೆ ಕಿವಿಯ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಹುಟ್ಟುವಾಗ ತೂಕ ಬಹಳ ಕಡಮೆಯಾಗಿದ್ದ, ಕಾಮಾಲೆ ಮಿತಿಮೀರಿದ್ದ, ಮಿದುಳಿನ ಜ್ವರ ಬಂದಿದ್ದ ಕೂಸುಗಳ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರವು ಬೇಕು.

ಇನ್ನೊಂದು ಮಾತನ್ನು ಹೇಳದೆ ಬಿಡುವುದು ಸರಿಯಲ್ಲ. ಅಕ್ಕನ ಮಗಳನ್ನು ಸೋದರಮಾವನಿಗೆ ಕೊಡುವುದು, ಅತ್ತೆಯ ಮಗನಿಗೆ ಕೊಡುವುದು ನಮ್ಮಲ್ಲಿ ಬಹಳ ಕಾಲದಿಂದ ಬಂದ ರೂಢಿಯು. ಒಂದೇ ಮನೆತನದ ಇಬ್ಬರಲ್ಲಿಯೂ ಪ್ರಕಟವಾಗದೆ ಅಡಗಿರುವ ಒಂದೇ ದೋಷವು ಮಗುವಿನಲ್ಲಿ ಎರಡೂ ಕಡೆಯಿಂದ ಕೂಡಿದಾಗ ಹುಟ್ಟುಕಿವುಡು ಉಂಟಾಗಬಹುದು. ದೂರದ ಸಂಬಂಧಗಳಿಗಿಂತ ಹತ್ತಿರದ ಸಂಬಂಧಗಳಲ್ಲಿ ಇದರ ಸಂಭವವು ಹೆಚ್ಚು. ಅಂಥ ಮದುವೆಗಳಲ್ಲಿಯೂ ಬಹುಪಾಲು ಮಕ್ಕಳು ಆರೋಗ್ಯವಾಗಿಯೆ ಹುಟ್ಟುವರೆಂಬುದು ನಿಜ. ಆದರೂ ಮನೆತನದಲ್ಲಿ ಮೊದಲೇ ಕಿವುಡರಿದ್ದರೆ ವೈದ್ಯರನ್ನು ಕೇಳಿ ಸಂಬಂಧ ಮಾಡುವುದು ವಿವೇಕವು. ಕಿವುಡು ಕೂಸನ್ನು ಹೆತ್ತ ತಾಯಿಯನ್ನು ದೂಷಿಸುವುದೂ, ಗ್ರಹಣದ ದಿನ ಹೊರಗೆ ಹೋಗಿದ್ದಳೆಂದು ಆಡಿಕೊಳ್ಳುವುದೂ ಶರಣರ ಮಾರ್ಗದಲ್ಲಿ ನಡೆಯುವವರಿಗೆ ಒಪ್ಪುವ ಮಾತಲ್ಲ.

ಕಡೆಯದಾಗಿ ಸನ್ನಿಧಾನದಲ್ಲಿಯೂ ಭಕ್ತರಲ್ಲಿಯೂ ನನ್ನದೊಂದು ವಿಜ್ಞಾಪನೆಯುಂಟು. ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಬಂಧುಬಳಗವೆಲ್ಲ ನೆರೆಯುವುದು. ಹೆಸರೇನು, ತೂಕವೆಷ್ಟು, ಯಾರ ಹೋಲಿಕೆ ಎಂದು ಎಲ್ಲರೂ ಕೇಳುವರು. ಅದರ ಜತೆಗೆ ಕಿವಿಯ ಪರೀಕ್ಷೆಯಾಯಿತೆ ಎಂಬ ಮಾತನ್ನೂ ಕೇಳುವ ರೂಢಿಯನ್ನು ಹಾಕಿಕೊಳ್ಳೋಣ. ಆಶೀರ್ವಾದಕ್ಕೆಂದು ಮಠಕ್ಕೆ ತರುವ ಕೂಸುಗಳ ತಾಯಂದಿರಿಗೆ ಶ್ರೀಗಳವರಿಂದಲೇ ಈ ಒಂದು ಮಾತು ಅಪ್ಪಣೆಯಾದರೆ, ನೂರು ಉಪನ್ಯಾಸಗಳಿಂದ ಆಗದ ಕೆಲಸವು ಅದರಿಂದಾಗುವುದು. ಪರೀಕ್ಷೆಯಲ್ಲಿ ದೋಷವು ಕಂಡರೆ ಎದೆಗೆಡದೆ, ಮುಚ್ಚಿಡದೆ, ಆರು ತಿಂಗಳೊಳಗೆ ಉಪಾಯವನ್ನು ಕೈಕೊಳ್ಳಿರಿ. ದೋಷವಿಲ್ಲದಿದ್ದರೆ ಸಂತೋಷಪಟ್ಟು, ಮೊಬೈಲನ್ನು ದೂರವಿಟ್ಟು, ಕೂಸಿನ ಮುಖವನ್ನು ನೋಡಿ ಮಾತನಾಡಿರಿ, ಹಾಡಿರಿ.

ನಾವು ಆಡುವ ಪ್ರತಿಯೊಂದು ಮಾತನ್ನೂ ಆ ಕೂಸು ಲೆಕ್ಕವಿಟ್ಟುಕೊಳ್ಳುತ್ತಿದೆ ಎಂಬು
ದು ನೆನಪಿರಲಿ. ಆದ್ದರಿಂದ ಒಳ್ಳೆಯ ಮಾತನ್ನೇ ಆಡೋಣ.